ಲಿಫ್ಟ್ ಕಿಟ್ ಹಾಕಿಸಿದ್ಮೇಲೆ ಸ್ಟೇರಿಂಗ್ ಅಲೆದಾಡ್ತಿದ್ಯಾ? ಟೋ ಒಂದನ್ನೇ ಸರಿ ಮಾಡಿಸಿದರೆ ಸಾಲದು

ತೋಟದ ಕಲ್ಲುದಾರಿ, ಮಳೆಗಾಲದ ಕೆಸರಿಗೆ ಅಂತ ಜಿಮ್ನಿ, ಥಾರ್‌ಗೆ ಲಿಫ್ಟ್ ಕಿಟ್ ಹಾಕಿಸುವವರಿದ್ದಾರೆ. ಗಾಡಿ ಎತ್ತರ ಆಗುತ್ತೆ, ಜತೆಗೆ ವೀಲ್ ಅಲೈನ್‌ಮೆಂಟ್ ಕೂಡ ಕೆಡುತ್ತೆ. ಚಾರ್ಮಾಡಿಯಂಥ ಘಾಟಿ ತಿರುವಿನಲ್ಲಿ ಇದು ಅಪಾಯ.

ಅಲೈನ್‌ಮೆಂಟ್‌ನಲ್ಲಿ ನೋಡಬೇಕಾದ್ದು ಮೂರು. ಟೋ ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋದು. ಕ್ಯಾಂಬರ್ ಅಂದರೆ ಚಕ್ರದ ಓರೆ. ಕ್ಯಾಸ್ಟರ್ ಅಂದರೆ ಚಕ್ರ ತಿರುಗುವ ಅಕ್ಷದ ಹಿಂದಿನ ವಾಲು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದು ಈ ಕ್ಯಾಸ್ಟರ್‌ನಿಂದ.

ಜಿಮ್ನಿಯಲ್ಲಿ: ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಇರೋದ್ರಿಂದ ಕ್ಯಾಂಬರ್ ಅಷ್ಟಾಗಿ ಬದಲಾಗಲ್ಲ. ಆದರೆ ಕ್ಯಾಸ್ಟರ್ ಕಡಿಮೆಯಾಗಿ ಗಾಡಿ ಸ್ಪೀಡಿನಲ್ಲಿ ಅಲೆದಾಡುತ್ತೆ. ಪ್ಯಾನ್‌ಹಾರ್ಡ್ ರಾಡ್ ಎಳೆದು ಆಕ್ಸಲ್ ಪಕ್ಕಕ್ಕೆ ಸರಿಯುತ್ತೆ, ಸ್ಟೇರಿಂಗ್ ಓರೆ ನಿಲ್ಲುತ್ತೆ. ಹಾಗೇ ಬಿಟ್ಟರೆ ಇಎಸ್‌ಪಿ ಸುಮ್ಮಸುಮ್ಮನೆ ಬ್ರೇಕ್ ಹಾಕಲೂಬಹುದು.

ಥಾರ್‌ನಲ್ಲಿ (2020ರ ನಂತರದ್ದು): ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಇಲ್ಲಿ ಕ್ಯಾಂಬರ್, ಟೋ ಎರಡೂ ಬದಲಾಗುತ್ತವೆ. ಸರಿಪಡಿಸದಿದ್ದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತೆ.

ಟೋ ಮಾತ್ರ ಸರಿ ಮಾಡಿ ಗಾಡಿ ಕಳಿಸಿದರೆ ಟೈರ್ ಉಳಿಯಬಹುದು, ಅಲೆದಾಟ ಹೋಗಲ್ಲ. ಜಿಮ್ನಿಗೆ ಕ್ಯಾಸ್ಟರ್ ಕರೆಕ್ಷನ್ ಬುಷ್, ಅಡ್ಜಸ್ಟ್ ಆಗುವ ಪ್ಯಾನ್‌ಹಾರ್ಡ್ ರಾಡ್ ಬೇಕು. ಸ್ಟೇರಿಂಗ್ ನೇರ ಮಾಡೋಕೆ ಡ್ರ್ಯಾಗ್ ಲಿಂಕ್ ಅಡ್ಜಸ್ಟ್ ಮಾಡಿಸಬೇಕು. ಸ್ಟೇರಿಂಗ್ ವೀಲ್ ಬಿಚ್ಚಿ ತಿರುಗಿಸಿ ಕೂರಿಸೋದು ಪರಿಹಾರವಲ್ಲ.

ಗಾಡಿ ಬಿಡುವ ಮುನ್ನ ಗಮನಿಸಿ:

● ಬುಷ್ ಬೋಲ್ಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗ ಪೂರ್ತಿ ಟೈಟ್ ಮಾಡಿಸಿ.
● ಮೊದಲಿನ, ನಂತರದ ಪ್ರಿಂಟ್ ಕೇಳಿ ಪಡೆಯಿರಿ. ಅದರಲ್ಲಿ ಕ್ಯಾಸ್ಟರ್ ಅಂಕಿ ಇದೆಯಾ ನೋಡಿ.
● ಹೊಸ ಸ್ಪ್ರಿಂಗ್ ಕೂತ ಮೇಲೆ, ಸುಮಾರು 500ರಿಂದ 1,000 ಕಿ.ಮೀ. ಓಡಿದ ನಂತರ ಮತ್ತೆ ಚೆಕ್ ಮಾಡಿಸಿ.
● ಹೆಡ್‌ಲೈಟ್ ತಗ್ಗಿಸಿ. ಇಲ್ಲದಿದ್ದರೆ ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ.

ಕಾನೂನು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. ನಿಯಮ ಮೀರಿದ ಮಾಲೀಕರಿಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡೂ ವಿಧಿಸಬಹುದು. ಕಿಟ್‌ಗೆ ದುಡ್ಡು ಕೊಡುವ ಮುಂಚೆಯೇ ಆರ್‌ಟಿಒ ಕಚೇರಿ, ವಿಮಾ ಕಂಪನಿ ಎರಡರಲ್ಲೂ ವಿಚಾರಿಸೋದು ಒಳ್ಳೇದು.