ಯೋನಿಯ ಕ್ಯಾನ್ಸರ್ ಪೂರ್ವ ಬದಲಾವಣೆ: ಗರ್ಭಕೋಶ ತೆಗೆಸಿಕೊಂಡವರೂ ತಿಳಿದಿರಬೇಕಾದದ್ದು

ಯೋನಿಯ ಒಳಪದರದ ಜೀವಕೋಶಗಳು ಸಹಜ ರೂಪ ಕಳೆದುಕೊಂಡರೂ ಆ ಪದರವನ್ನು ದಾಟದೆ ಅಲ್ಲಿಯೇ ಉಳಿದಿರುವ ಸ್ಥಿತಿಯನ್ನು ಕ್ಯಾನ್ಸರ್ ಪೂರ್ವ ಬದಲಾವಣೆ ಎನ್ನುತ್ತಾರೆ. ವೈದ್ಯರು ಇದನ್ನು ಚುಟುಕಾಗಿ 'ವೇನ್' ಎಂದು ಬರೆಯುತ್ತಾರೆ. ಇದು ಕ್ಯಾನ್ಸರ್ ಅಲ್ಲ. ಆದರೆ ಗಮನಿಸದೆ ಬಿಟ್ಟರೆ ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು. ಯೋನಿಯ ಕ್ಯಾನ್ಸರ್ ವಿರಳವಾದದ್ದು. ಸ್ತ್ರೀ ಜನನಾಂಗದ ಕ್ಯಾನ್ಸರುಗಳಲ್ಲಿ ಅದರ ಪಾಲು ಶೇ. 1ರಿಂದ 2ರಷ್ಟು ಮಾತ್ರ.

ಕಾರಣವೇನು?

ಹೆಚ್ಚಿನ ಪ್ರಕರಣಗಳಲ್ಲಿ ಕಾರಣ ಎಚ್‌ಪಿವಿ ಎಂಬ ವೈರಸ್, ಅದರಲ್ಲೂ 16ನೇ ಬಗೆ. ಗರ್ಭಕಂಠದ ಕ್ಯಾನ್ಸರಿಗೂ ಇದೇ ಮೂಲ. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹುಪಾಲು ಜನರಿಗೆ ಒಮ್ಮೆಯಾದರೂ ತಗಲುತ್ತದೆ ಮತ್ತು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಉಳಿದುಕೊಂಡರೆ ಮಾತ್ರ ತೊಂದರೆ. ಸೋಂಕು ಹಲವು ವರ್ಷ ಹಿಂದಿನದ್ದಾಗಿರಬಹುದು. ಹೀಗಾಗಿ ವರದಿ ನೋಡಿ ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಸಂಶಯಿಸುವುದು ಸರಿಯಲ್ಲ.

ಹಿಂದೆ ಗರ್ಭಕಂಠದಲ್ಲಿ ಇಂಥ ಬದಲಾವಣೆ ಅಥವಾ ಕ್ಯಾನ್ಸರ್ ಇದ್ದವರು, ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರು, ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಗ್ಗಿದವರು, ಬೀಡಿ–ಸಿಗರೇಟು ಸೇದುವವರು, ಇವರಿಗೆ ಅಪಾಯ ಹೆಚ್ಚು.

ಅಪಾಯ ಎಷ್ಟು?

ಬದಲಾವಣೆಯನ್ನು 1, 2, 3 ಎಂದು ಮೂರು ಹಂತಗಳಾಗಿ ಗುರುತಿಸುತ್ತಾರೆ. ಮೊದಲ ಹಂತದ್ದು ಅನೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ನಿಗಾ ಇಟ್ಟರೆ ಸಾಕು. 2 ಮತ್ತು 3ನೇ ಹಂತದವರಲ್ಲಿ ಕ್ಯಾನ್ಸರಿಗೆ ತಿರುಗುವ ಪ್ರಮಾಣ ಬೇರೆ ಬೇರೆ ಅಧ್ಯಯನಗಳಲ್ಲಿ ಸುಮಾರು ಶೇ. 2ರಿಂದ 12ರಷ್ಟು ಕಂಡುಬಂದಿದೆ. ಆದ್ದರಿಂದ ಈ ಹಂತಗಳಿಗೆ ಚಿಕಿತ್ಸೆ ಬೇಕು.

ಗರ್ಭಕೋಶ ತೆಗೆದ ಮೇಲೆ

ಗರ್ಭಕೋಶದೊಂದಿಗೆ ಎಲ್ಲ ಚಿಂತೆಯೂ ಹೋಯಿತು ಎಂಬ ನಂಬಿಕೆ ಹಳ್ಳಿಗಳಲ್ಲಿ ವ್ಯಾಪಕವಾಗಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 3ರಷ್ಟು ಮಂದಿಗೆ ಈ ಶಸ್ತ್ರಚಿಕಿತ್ಸೆ ಆಗಿತ್ತು. ಆಂಧ್ರಪ್ರದೇಶದಲ್ಲಿ ಈ ಪ್ರಮಾಣ ಸುಮಾರು ಶೇ. 9, ತೆಲಂಗಾಣದಲ್ಲಿ ಸುಮಾರು ಶೇ. 8.

ಗಡ್ಡೆ ಅಥವಾ ಅತಿ ರಕ್ತಸ್ರಾವಕ್ಕಾಗಿ ತೆಗೆಸಿಕೊಂಡು, ಗರ್ಭಕಂಠದಲ್ಲಿ ಯಾವ ದೋಷವೂ ಇರದಿದ್ದವರಿಗೆ ಸಾಮಾನ್ಯವಾಗಿ ನಿಯತ ತಪಾಸಣೆ ಬೇಕಿಲ್ಲ. ಆದರೆ ಗರ್ಭಕಂಠದಲ್ಲಿ ತೀವ್ರ ಹಂತದ ಬದಲಾವಣೆ ಇದ್ದವರಲ್ಲಿ ವೈರಸ್ ಯೋನಿಯ ಮೇಲ್ತುದಿಯಲ್ಲಿ ಉಳಿದಿರಬಹುದು. ಇಂಥವರ ತಪಾಸಣೆ ಕನಿಷ್ಠ 25 ವರ್ಷ ಮುಂದುವರಿಯಬೇಕು.

ತೊಡಕೆಂದರೆ, ಯಾವ ಕಾರಣಕ್ಕೆ ತೆಗೆದರೆಂಬುದೇ ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ. ತೆಗೆದ ಭಾಗದ ಬಯಾಪ್ಸಿ ವರದಿ ಮತ್ತು ಡಿಸ್ಚಾರ್ಜ್ ಚೀಟಿಯನ್ನು ಕೇಳಿ ಪಡೆದು ರೇಷನ್ ಕಾರ್ಡಿನಂತೆ ಜೋಪಾನವಾಗಿಡಬೇಕು. ಭಾಷೆಯ ಗೊಂದಲವೂ ಆಗಬಹುದು: ತೆಲುಗಿನ 'ಗರ್ಭಸಂಚಿ', ಮರಾಠಿಯ 'ಪಿಶವಿ', ಮಲಯಾಳದ 'ಗರ್ಭಪಾತ್ರಂ' ಎಲ್ಲವೂ ಗರ್ಭಕೋಶವೇ. ಮಲಯಾಳದ ಈ ಮಾತಿಗೂ ಕನ್ನಡದ ಗರ್ಭಪಾತಕ್ಕೂ ಸಂಬಂಧವಿಲ್ಲ.

ಲಕ್ಷಣ, ಪರೀಕ್ಷೆ, ಚಿಕಿತ್ಸೆ

ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ದುರ್ವಾಸನೆಯ ಸ್ರಾವವಿದ್ದರೆ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಯಲ್ಲಿ ಸಂಶಯ ಬಂದರೆ, ಕಾಲ್ಪೋಸ್ಕೋಪ್ ಎಂಬ ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡಿ ಚೂರು ಚರ್ಮ ತೆಗೆದು ಪರೀಕ್ಷಿಸುತ್ತಾರೆ.

ಚಿಕಿತ್ಸೆಗೆ ಲೇಸರ್, ಆ ಭಾಗವನ್ನಷ್ಟೇ ಕತ್ತರಿಸಿ ತೆಗೆಯುವುದು, ಇಮಿಕ್ವಿಮಾಡ್‌ನಂಥ ಮುಲಾಮು ಎಂಬ ದಾರಿಗಳಿವೆ. ವಾಸಿಯಾದ ಮೇಲೂ ಮರುಕಳಿಸುವುದುಂಟು. ಆದ್ದರಿಂದ ವೈದ್ಯರು ಹೇಳಿದ ದಿನಕ್ಕೆ ಮತ್ತೆ ಹೋಗುವುದು ಚಿಕಿತ್ಸೆಯಷ್ಟೇ ಮುಖ್ಯ.

ತಡೆ

ಎಚ್‌ಪಿವಿ ಲಸಿಕೆಯನ್ನು 9ರಿಂದ 14 ವಯಸ್ಸಿನ ಹೆಣ್ಣುಮಕ್ಕಳಿಗೆ ಮೊದಲು ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಭಾರತದಲ್ಲೇ ತಯಾರಾದ ಸೆರ್ವಾವ್ಯಾಕ್ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಅದು 16ನೇ ಬಗೆಯ ವೈರಸ್ಸನ್ನೂ ತಡೆಯುತ್ತದೆ. ಆದರೆ ಈಗಾಗಲೇ ಆಗಿರುವ ಬದಲಾವಣೆಯನ್ನು ಲಸಿಕೆ ವಾಸಿಮಾಡುವುದಿಲ್ಲ. ಅದಕ್ಕೆ ತಪಾಸಣೆಯೊಂದೇ ದಾರಿ.