ಕಲ್ಯಾಣದ ಗ್ರಂಥ, ಕಾಶಿಯ ಬ್ಯಾಂಕು, ಲಂಡನ್ನಿನ ತೀರ್ಪು

ಕಾಶಿ ಎಂದೊಡನೆ ನಮ್ಮವರ ಮನಸ್ಸಿಗೆ ಬರುವುದು ಗಂಗೆ, ವಿಶ್ವನಾಥ, ಜಂಗಮವಾಡಿ ಮಠ, ಮತ್ತು ಹಿಂತಿರುಗುವಾಗ ಜೋಪಾನವಾಗಿ ತರುವ ಗಂಗಾಜಲದ ತಂಬಿಗೆ. ಆದರೆ ಕಾಶಿ ಹಳೆಯ ಕಾಲದಿಂದಲೂ ದೊಡ್ಡ ವ್ಯಾಪಾರದ ಊರು. ರೇಷ್ಮೆ, ಜರಿ, ಹಿತ್ತಾಳೆ ಪಾತ್ರೆಗಳ ಪೇಟೆಗಳು ಅಲ್ಲಿದ್ದವು. ಹುಂಡಿ ಬರೆಯುವ ಸಾಹುಕಾರರ ಮನೆತನಗಳಿದ್ದವು. ವ್ಯಾಪಾರವಿದ್ದಲ್ಲಿ ಸಾಲ, ಸಾಲವಿದ್ದಲ್ಲಿ ದಾವೆ. 1932ರಲ್ಲಿ ಆ ಊರಿನ ಬ್ಯಾಂಕೊಂದರ ಮೊಕದ್ದಮೆ ಸಮುದ್ರ ದಾಟಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ ತೀರ್ಮಾನವಾಯಿತು. ಅದರ ಹೆಸರು ‘ಬನಾರಸ್ ಬ್ಯಾಂಕ್ ಲಿಮಿಟೆಡ್ ವಿರುದ್ಧ ಹರಿನಾರಾಯಣ’. ಕಾನೂನು ಓದಿದವರಿಗೆ ಇದು ಪರಿಚಿತ ಹೆಸರು. ನಾವು ವಕೀಲರಲ್ಲ, ಕಚೇರಿಯ ಫೈಲುಗಳ ನಡುವೆ ದಿನ ಕಳೆಯುವವರು. ಆದರೂ ಈ ಪ್ರಕರಣ ನಮ್ಮ ಕುತೂಹಲವನ್ನು ಕೆರಳಿಸಲು ಒಂದು ಕಾರಣವುಂಟು. ಕಾಶಿಯ ಜಗಳವನ್ನು ಲಂಡನ್ನಿನಲ್ಲಿ ತೀರಿಸಲು ಆಧಾರವಾದ ಧರ್ಮಶಾಸ್ತ್ರ ನಮ್ಮ ಕಲ್ಯಾಣದಲ್ಲಿ ರಚಿತವಾದದ್ದು.

ಆ ಗ್ರಂಥವೇ ವಿಜ್ಞಾನೇಶ್ವರನ ‘ಮಿತಾಕ್ಷರ’. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಇದರ ಕರ್ತೃ 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಮಿತಾಕ್ಷರದ ಮುಖ್ಯ ಸಿದ್ಧಾಂತವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆ ಸತ್ತಾಗಲ್ಲ, ಮಗ ಹುಟ್ಟಿದಾಗ. ಬಂಗಾಳದಲ್ಲಿ ನಡೆಯುತ್ತಿದ್ದ ಜೀಮೂತವಾಹನನ ‘ದಾಯಭಾಗ’ದ ಪ್ರಕಾರ ತಂದೆ ಬದುಕಿರುವಷ್ಟು ಕಾಲ ಮಗನಿಗೆ ಅಂಥ ಹಕ್ಕಿಲ್ಲ. ಉಳಿದ ಬಹುತೇಕ ಭಾರತ ನಮ್ಮ ವಿಜ್ಞಾನೇಶ್ವರನ ಹಿಂದೆ ನಡೆಯಿತು. ತೊಟ್ಟಿಲಲ್ಲಿ ಮಲಗಿದ ಕೂಸೂ ಮನೆಯ ಆಸ್ತಿಗೆ ಪಾಲುದಾರನೆಂದರೆ, ಆ ಆಸ್ತಿಯನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುವವನ ಪಾಡೇನು? ಕಾಶಿಯ ಮೊಕದ್ದಮೆಯ ಬೇರು ಈ ಪ್ರಶ್ನೆಯಲ್ಲಿದೆ.

ಕಲ್ಯಾಣದ ಗ್ರಂಥ ಇಂಗ್ಲಿಷ್ ನ್ಯಾಯಾಧೀಶರ ಮೇಜಿಗೆ ಹೋದ ದಾರಿಯೂ ಕಾಶಿಯ ಸುತ್ತಮುತ್ತಲಿನದೇ. 1791ರಲ್ಲಿ ರೆಸಿಡೆಂಟ್ ಜೊನಾಥನ್ ಡಂಕನ್ ಕಾಶಿಯಲ್ಲಿ ಸಂಸ್ಕೃತ ಕಾಲೇಜನ್ನು ಸ್ಥಾಪಿಸಿದಾಗ, ನ್ಯಾಯಾಲಯಗಳಿಗೆ ಹಿಂದೂ ಧರ್ಮಶಾಸ್ತ್ರ ಬಲ್ಲ ಪಂಡಿತರನ್ನು ಒದಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ನೆರೆಯ ಮಿರ್ಜಾಪುರದಲ್ಲಿ ನ್ಯಾಯಾಧೀಶರಾಗಿದ್ದ ಹೆನ್ರಿ ಕೋಲ್‌ಬ್ರೂಕ್ ಮಿತಾಕ್ಷರದ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದರು. 1810ರಲ್ಲಿ ಅದು ಕಲ್ಕತ್ತೆಯಲ್ಲಿ ಅಚ್ಚಾಯಿತು. ಆ ಮೇಲೆ ಪಂಡಿತರ ವ್ಯವಸ್ಥಾಪತ್ರಗಳ ಅವಶ್ಯಕತೆ ಮೆಲ್ಲಗೆ ಕಡಿಮೆಯಾಗಿ, 1864ರಲ್ಲಿ ಕೋರ್ಟುಗಳ ಪಂಡಿತರ ಹುದ್ದೆಗಳೇ ರದ್ದಾದವು. ಗ್ರಂಥ ಉಳಿಯಿತು, ಅರ್ಥ ಹೇಳುವವರು ಬದಲಾದರು.

ಇನ್ನು ಅಪೀಲಿನ ಮಾರ್ಗ. ಕಾಶಿಯ ಸಬಾರ್ಡಿನೇಟ್ ಜಡ್ಜರ ತೀರ್ಪಿನ ಮೇಲೆ ಅಲಹಾಬಾದ್ ಹೈಕೋರ್ಟಿಗೆ ಹೋಗಬೇಕು. ಈ ಹೈಕೋರ್ಟು 1866ರಲ್ಲಿ ಆಗ್ರಾದಲ್ಲಿ ಆರಂಭವಾಗಿ 1869ರಲ್ಲಿ ಅಲಹಾಬಾದಿಗೆ ಸ್ಥಳಾಂತರಗೊಂಡದ್ದು. ಅಲ್ಲಿಂದ ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸಾಮಾನ್ಯವಾಗಿ 10,000 ರೂಪಾಯಿಗೆ ಕಡಿಮೆಯಿಲ್ಲದ ಬೆಲೆಯ ವ್ಯಾಜ್ಯ ಮಾತ್ರ ಅಲ್ಲಿಗೆ ಹೋಗಬಲ್ಲದು. ಹತ್ತು ಸಾವಿರವೆಂದರೆ ಆ ಕಾಲದಲ್ಲಿ ಒಬ್ಬ ಗುಮಾಸ್ತೆ ಜೀವಮಾನದಲ್ಲಿ ಒಟ್ಟಿಗೆ ಕಾಣದ ಹಣ. ಹೀಗಾಗಿ ಲಂಡನ್ನಿಗೆ ಹೋದ ವಾದಗಳೆಲ್ಲ ಬಹುಮಟ್ಟಿಗೆ ಜಮೀನ್ದಾರರು, ಸಾಹುಕಾರರು, ಬ್ಯಾಂಕುಗಳ ವಾದಗಳು. ಆದರೆ ಅಲ್ಲಿ ಹುಟ್ಟಿದ ನಿಯಮ ಎರಡೆಕರೆ ಹೊಲದವನ ಮನೆಗೂ ಅನ್ವಯಿಸಿತು.

ಅಲ್ಲಿ ಎರಡು ಕಡೆಯವರೂ ಏನು ವಾದಿಸುತ್ತಿದ್ದರೆಂಬುದನ್ನು ನೋಡೋಣ. ಸಾಲ ಕೊಟ್ಟವನ ಪರ ವಕೀಲರ ವಾದ ಇದು: ಮನೆಯ ಯಜಮಾನ ಬಂದು ಕೇಳಿದ, ನಾವು ನಂಬಿ ಕೊಟ್ಟೆವು. ಅವನ ಮನೆಯೊಳಗೆ ಹಣ ಯಾವುದಕ್ಕೆ ಖರ್ಚಾಯಿತೆಂದು ನಾವು ಕಾವಲು ಕಾಯಲಾದೀತೆ? ಹಣ ಬರುವಾಗ ಎಲ್ಲರದೂ, ತೀರಿಸುವಾಗ ಮಕ್ಕಳದ್ದಲ್ಲ ಎಂದರೆ ಇನ್ನು ಮುಂದೆ ಸಾಲ ಕೊಡುವವರು ಯಾರು? ಮಕ್ಕಳ ಪರ ವಾದ ಇನ್ನೊಂದು: ಯಜಮಾನ ಆಸ್ತಿಯ ಒಡೆಯನಲ್ಲ, ನಿರ್ವಾಹಕ. ಮನೆಗೆ ನಿಜವಾದ ಅಗತ್ಯ ಬಿದ್ದಾಗಲೋ ಆಸ್ತಿಯ ಹಿತಕ್ಕಾಗಿಯೋ ಅವನು ಒತ್ತೆಯಿಡಬಹುದು. ಅದನ್ನು ಮೀರಿ ಬರೆದ ಪತ್ರ, ಸಹಿ ಮಾಡಲು ಬಾರದ ಮಗುವಿನ ಅನ್ನಕ್ಕೆ ಕೈ ಹಾಕಿದಂತೆ.

ಈ ಎರಡು ವಾದಗಳ ನಡುವೆ ಮೊದಲ ಗೆರೆ ಎಳೆದದ್ದು 1856ರ ಹನುಮಾನ್ ಪ್ರಸಾದ್ ಪಾಂಡೆಯ ಪ್ರಕರಣ. ಅದೂ ಇಂದಿನ ಉತ್ತರ ಪ್ರದೇಶ ಸೇರಿದ್ದ ಆಗಿನ ವಾಯವ್ಯ ಪ್ರಾಂತ್ಯಗಳಿಂದ ಹೋದದ್ದು. ಅಪ್ರಾಪ್ತ ವಯಸ್ಸಿನ ಮಗನ ಪರವಾಗಿ ತಾಯಿ ಆಸ್ತಿಯನ್ನು ಅಡವಿಟ್ಟಿದ್ದಳು. ಸಾಲ ಕೊಡುವವನು ಅಗತ್ಯವೇನೆಂದು ವಿಚಾರಿಸಲೇಬೇಕು. ಪ್ರಾಮಾಣಿಕವಾಗಿ ವಿಚಾರಿಸಿ ಕೊಟ್ಟಿದ್ದರೆ, ಆ ಮೇಲೆ ಹಣ ಎಲ್ಲಿ ಹೋಯಿತೆಂದು ನೋಡುವ ಹೊಣೆ ಅವನದಲ್ಲ ಎಂದು ಪ್ರಿವಿ ಕೌನ್ಸಿಲು ಹೇಳಿತು. ನ್ಯಾಯವಾದ ಮಾತೇ.

ಆದರೆ ವ್ಯಾಪಾರದ ಮನೆತನಗಳಿಗೆ ಇದೊಂದೇ ಸಾಲದು. ಅಂಗಡಿಯಲ್ಲಿ ದಿನಕ್ಕೆ ಹತ್ತು ಬಾರಿ ಕೊಡುಕೊಳ್ಳುವಿಕೆ ನಡೆಯುವಾಗ ಪ್ರತಿಯೊಂದಕ್ಕೂ ಅಗತ್ಯದ ವಿಚಾರಣೆ ಹೇಗೆ? 1861ರಲ್ಲಿ ಬೊಂಬಾಯಿಯ ನ್ಯಾಯಾಲಯ ರಾಮಲಾಲ್ ಠಾಕುರ್ಸಿದಾಸ್ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ತಲೆಮಾರಿನಿಂದ ಬಂದ ವ್ಯಾಪಾರವೂ ಒಂದು ಪಿತ್ರಾರ್ಜಿತ ಆಸ್ತಿ; ಅದನ್ನು ನಡೆಸುವ ಯಜಮಾನನಿಗೆ ಅದರ ಸಾಮಾನ್ಯ ಕೆಲಸಗಳಿಗಾಗಿ ಮನೆಯ ಆಸ್ತಿಯನ್ನು ಒತ್ತೆಯಿಡುವ ಅಧಿಕಾರವೂ ಇರಲೇಬೇಕು, ಅದು ಮೈನರುಗಳನ್ನೂ ಬಂಧಿಸುತ್ತದೆ ಎಂದಿತು.

ಹಾಗಾದರೆ ಯಜಮಾನ ತಾನೇ ಹೊಸದಾಗಿ ಆರಂಭಿಸಿದ ವ್ಯಾಪಾರಕ್ಕೆ? ಹೊಸ ವ್ಯಾಪಾರದ ನಷ್ಟವನ್ನು ಮೈನರುಗಳ ಮೇಲೆ ಹೇರುವಂತಿಲ್ಲ ಎಂದು 1922ರಲ್ಲಿ ಬಂಗಾಳದ ಸನ್ಯಾಸಿ ಚರಣ ಮಂಡಲರ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲು ಹೇಳಿತ್ತು. ಕಾಶಿಯ ಪ್ರಕರಣದಲ್ಲಿ ಆ ಮಾತು ಮಿತಾಕ್ಷರದ ನೆಲದ ಮೇಲೆ ನಿಂತಿತು. ಮಿತಾಕ್ಷರದಲ್ಲಿ ತಂದೆಗೆ ವಿಶೇಷವಾದ ಸ್ಥಾನವಿದೆಯಲ್ಲವೆ, ಹೊಸ ವ್ಯಾಪಾರ ಆರಂಭಿಸಿದವನು ತಂದೆಯೇ ಆದರೆ? ಆಗಲೂ ವ್ಯತ್ಯಾಸವಿಲ್ಲವೆಂದಿತು 1932ರ ತೀರ್ಪು. ತಂದೆಯೇ ಯಜಮಾನನಾದರೂ ಹೊಸ ಸಾಹಸದ ಅಪಾಯವನ್ನು ಚಿಕ್ಕ ಮಕ್ಕಳ ಪಾಲಿನ ಮೇಲೆ ಹೊರಿಸುವ ಅಧಿಕಾರ ಅವನಿಗಿಲ್ಲ.

ಇದರ ತೂಕವನ್ನು ಅರಿಯಬೇಕಾದರೆ ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂಬ ನಂಬಿಕೆಯೂ ಇದೇ ಶಾಸ್ತ್ರದ್ದು. ಕೋರ್ಟುಗಳು ಅದನ್ನೂ ಬಿಡಲಿಲ್ಲ. 1923ರಲ್ಲಿ, ಅಲಹಾಬಾದಿನಿಂದಲೇ ಹೋದ ಬ್ರಿಜ್ ನಾರಾಯಣ ಪ್ರಕರಣದಲ್ಲಿ, ಪ್ರಿವಿ ಕೌನ್ಸಿಲು ಎರಡು ಧರ್ಮಗಳನ್ನೂ ಹೊಂದಿಸಲು ಐದು ಸೂತ್ರಗಳನ್ನು ಕೊಟ್ಟಿತು. ಅವುಗಳ ಫಲವನ್ನು ನೋಡಿ. ತಂದೆ ಬರಿಯ ಪ್ರಾಮಿಸರಿ ನೋಟು ಬರೆದುಕೊಟ್ಟು ಸಾಲ ಮಾಡಿದ್ದರೆ, ಆ ಸಾಲ ದುರ್ನಡತೆಯದ್ದಲ್ಲದಿದ್ದರೆ, ಸಾಹುಕಾರ ಡಿಕ್ರಿ ಪಡೆದು ಮಕ್ಕಳ ಪಾಲೂ ಸೇರಿ ಆಸ್ತಿಯನ್ನು ಜಪ್ತಿ ಮಾಡಿಸಬಹುದು. ಅದೇ ತಂದೆ ಅದೇ ಆಸ್ತಿಯನ್ನು ರಿಜಿಸ್ಟರ್ ಪತ್ರದ ಮೂಲಕ ಅಡವಿಟ್ಟಿದ್ದರೆ, ಅಗತ್ಯವೋ ಅದಕ್ಕೂ ಹಿಂದಿನ ಸಾಲವೋ ಇಲ್ಲದಿದ್ದಲ್ಲಿ ಆ ಅಡಮಾನ ಆಸ್ತಿಯನ್ನು ಬಂಧಿಸದು! ಎಚ್ಚರದಿಂದ ಪತ್ರ ಬರೆಸಿಕೊಂಡವನಿಗಿಂತ ಚೀಟಿ ಹಿಡಿದವನು ಒಳ್ಳೆಯ ಸ್ಥಿತಿಯಲ್ಲಿದ್ದ. ವಿಜ್ಞಾನ ಓದಿದ ನಮ್ಮಂಥವರಿಗೆ ಇದು ಲೆಕ್ಕ ಕೂಡದ ಸಮೀಕರಣದಂತೆ ಕಂಡರೆ ಆಶ್ಚರ್ಯವಿಲ್ಲ. ಎರಡು ಧರ್ಮಗಳೂ ನಿಜವಾಗಿದ್ದು, ಒಂದನ್ನು ಪೂರ್ತಿ ಒಪ್ಪಿದರೆ ಇನ್ನೊಂದು ಅಳಿಯುವಾಗ ಹೀಗಾಗುತ್ತದೆ.

ಒಂದೇ ಗ್ರಂಥವನ್ನು ಎಲ್ಲ ಕಡೆಯೂ ಒಂದೇ ರೀತಿ ಓದಲಿಲ್ಲವೆಂಬುದೂ ಸ್ವಾರಸ್ಯವೇ. ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ, ಮದರಾಸಿಗೆ ಸೇರಿದ್ದ ಬಳ್ಳಾರಿಯಲ್ಲಿ, ಅವಿಭಕ್ತ ಕುಟುಂಬದ ಸದಸ್ಯನೊಬ್ಬ ತನ್ನ ಪಾಲಿಗೆ ಬರಬೇಕಾದ ಹಕ್ಕನ್ನು ಬೆಲೆಗೆ ಮಾರಬಹುದಿತ್ತು. ಕಾಶಿಯಲ್ಲಿ ಉಳಿದವರ ಒಪ್ಪಿಗೆಯಿಲ್ಲದೆ ಅದೂ ಸಾಧ್ಯವಿರಲಿಲ್ಲ. ವಿಜ್ಞಾನೇಶ್ವರನ ನಾಡಿಗಿಂತ ಕಾಶಿಯೇ ಅವನ ಮಾತನ್ನು ಹೆಚ್ಚು ಬಿಗಿಯಾಗಿ ಹಿಡಿದಿತ್ತೆಂದು ಹೇಳಬಹುದು.

ತೀರ್ಪಿನಿಂದ ಮೈನರುಗಳಿಗೆ ರಕ್ಷಣೆ ದೊರೆಯಿತೆಂಬುದು ನಿರ್ವಿವಾದ. ಆದರೆ ಇನ್ನೊಂದು ಪಕ್ಷವನ್ನೂ ಮರೆಯಬಾರದು. ಬ್ಯಾಂಕು ಕೊಡುವ ಸಾಲ ಬ್ಯಾಂಕಿನವರ ಸ್ವಂತ ಹಣವಲ್ಲ. ಅದು ಇಟ್ಟ ಠೇವಣಿ, ಬಹಳ ಮಟ್ಟಿಗೆ ಸಣ್ಣ ಜನರದು. ಇದೇ ಬನಾರಸ್ ಬ್ಯಾಂಕು ಸ್ವಾತಂತ್ರ್ಯ ಬರುವ ಮೊದಲೇ ಲಿಕ್ವಿಡೇಷನ್ನಿಗೆ ಹೋಯಿತು. ಈ ಒಂದು ತೀರ್ಪೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಬ್ಯಾಂಕು ಮುಳುಗಿದಾಗ ಠೇವಣಿದಾರರ ಮನೆಗಳಲ್ಲಿಯೂ ತೊಟ್ಟಿಲುಗಳಿರುತ್ತವೆ. ಆ ಮಕ್ಕಳ ಪರವಾಗಿ ವಾದಿಸಲು ಲಂಡನ್ನಿಗೆ ಯಾವ ಬ್ಯಾರಿಸ್ಟರೂ ಹೋಗುವುದಿಲ್ಲ.

1949ರ ಅಕ್ಟೋಬರ್ 10ರಂದು ಭಾರತದ ಮೇಲೆ ಪ್ರಿವಿ ಕೌನ್ಸಿಲಿನ ಅಧಿಕಾರ ಕೊನೆಗೊಂಡಿತು. ಮರುವರ್ಷ ಸುಪ್ರೀಂ ಕೋರ್ಟು ಬಂದಿತು. ಕರ್ನಾಟಕ 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲುದಾರರ ಹಕ್ಕನ್ನು ಕೊಟ್ಟಿತು. 2005ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ತಂದೆ ಮಾಡಿದ ಸಾಲವನ್ನು ಧರ್ಮದ ಹೆಸರಿನಲ್ಲಿ ಮಗನಿಂದ ವಸೂಲು ಮಾಡುವ ಹಕ್ಕನ್ನೂ, ಮುಂದಿನ ಸಾಲಗಳ ಮಟ್ಟಿಗೆ, ಅದೇ ತಿದ್ದುಪಡಿ ತೆಗೆದುಹಾಕಿತು. ಬ್ರಿಜ್ ನಾರಾಯಣನ ವಿಚಿತ್ರ ಸಮೀಕರಣದ ಒಂದು ಪಾರ್ಶ್ವ ಹೀಗೆ ಅಳಿದುಹೋಯಿತು. ಹುಟ್ಟಿನಿಂದ ಬರುವ ಹಕ್ಕು ಮಾತ್ರ ಉಳಿಯಿತು, ಹೆಣ್ಣುಮಕ್ಕಳವರೆಗೂ ಬೆಳೆಯಿತು.

ಊರಿನ ಪಿತ್ರಾರ್ಜಿತ ಜಮೀನಿನ ಮೇಲೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ವಂಶವೃಕ್ಷ ತನ್ನಿ, ಎಲ್ಲರ ಸಹಿ ಬೇಕು ಎನ್ನುತ್ತಾರೆ. ಮಹಾನಗರದಲ್ಲಿ ನೆಲೆಸಿದ ನಮಗೆ, ಊರಿನಿಂದ ಅಣ್ಣನೋ ಚಿಕ್ಕಪ್ಪನೋ ಸಹಿಗಾಗಿ ಕಾಗದ ಕಳಿಸಿದಾಗ, ಇದೆಂಥ ಕಿರಿಕಿರಿ ಎನ್ನಿಸುವುದುಂಟು. ಓದದೆ ಸಹಿ ಹಾಕಿ ಅಂದಿನ ಟಪಾಲಿಗೇ ಸೇರಿಸುವವರೂ ಇದ್ದಾರೆ. ಆ ಖಾಲಿ ಗೆರೆಗಾಗಿ ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿ ಒಬ್ಬ ಪಂಡಿತ ಶಾಸ್ತ್ರ ಬರೆದ. ಕಾಶಿ, ಅಲಹಾಬಾದ್, ಲಂಡನ್ನುಗಳಲ್ಲಿ ವಕೀಲರು ಗಂಟಲು ಒಣಗುವಂತೆ ವಾದಿಸಿದರು. ಸಹಿ ಹಾಕುವುದೂ ಬಿಡುವುದೂ ಅವರವರ ಮನೆಯ ಮಾತು. ಕಾಗದವನ್ನು ಒಮ್ಮೆ ಪೂರ್ತಿ ಓದಿ, ಈ ಸಾಲ ಮನೆಯ ಅಗತ್ಯಕ್ಕೋ ಹೊಸ ಸಾಹಸಕ್ಕೋ ಎಂದು ಕೇಳಿ ತಿಳಿದುಕೊಳ್ಳುವುದಂತೂ ಒಳ್ಳೆಯದು.