ಬೆಕ್ಕುಗಳ ಅಗಿಯುವ ಆಟಿಕೆಗಳು

ಬೆಕ್ಕುಗಳ ಅಗಿಯುವ ಆಟಿಕೆಗಳು ಎಂದರೆ ಸಾಕುಬೆಕ್ಕುಗಳು ತಮ್ಮ ಬೇಟೆಯ ಹಾಗೂ ಕಚ್ಚುವ ಸಹಜ ಪ್ರವೃತ್ತಿಯನ್ನು ಅಪಾಯವಿಲ್ಲದೆ ತಣಿಸಿಕೊಳ್ಳಲು ಒದಗಿಸುವ ವಸ್ತುಗಳು. ಅನೇಕ ಬೆಕ್ಕುಗಳಿಗೆ ಕ್ಯಾರಿಬ್ಯಾಗ್, ಬಿಸ್ಕತ್ತಿನ ಹೊದಿಕೆ, ಕಾಗದ, ಒಣ ಎಲೆ ಮೊದಲಾದ ಸರಸರ ಸದ್ದು ಮಾಡುವ ವಸ್ತುಗಳ ಮೇಲೆ ವಿಶೇಷ ಆಸಕ್ತಿ ಇರುತ್ತದೆ. ಇವುಗಳೊಡನೆ ಆಡುವುದು ತನ್ನಷ್ಟಕ್ಕೆ ದೋಷವಲ್ಲ. ಅಗಿದು ನುಂಗುವುದು ಮಾತ್ರ ಅಪಾಯಕರ. ಹೊಟ್ಟೆ ಸೇರಿದ ಪ್ಲಾಸ್ಟಿಕ್ ತುಣುಕು ಅಥವಾ ದಾರ ಕರುಳನ್ನು ಕಟ್ಟಿಹಾಕಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲದು. ಈ ಲೇಖನದಲ್ಲಿ ಸ್ಥಳೀಯ ಉದಾಹರಣೆಗಳನ್ನು ರಾಯಚೂರು ನಗರ ಹಾಗೂ ಅದೇ ಜಿಲ್ಲೆಯ ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಪರಿಸರದಿಂದ ಆರಿಸಿಕೊಳ್ಳಲಾಗಿದೆ.

ಸ್ವಭಾವ ಮತ್ತು ಕಾರಣಗಳು

ಮನುಷ್ಯನ ಕಿವಿಗೆ ಸುಮಾರು 20 ಕಿಲೋಹರ್ಟ್ಜ್‌ವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಜ್‌ವರೆಗಿನ ಧ್ವನಿಯೂ ಕೇಳಿಸಬಲ್ಲದು. ಇಲಿಮರಿಗಳು ಹೊರಡಿಸುವ, ನಮಗೆ ಕೇಳಿಸದ ಸೂಕ್ಷ್ಮ ಸ್ವರಗಳು ಈ ಮಿತಿಯೊಳಗೆ ಬರುತ್ತವೆ. ತೆಳುವಾದ ಪ್ಲಾಸ್ಟಿಕ್ ಅಥವಾ ಕಾಗದ ಮುದುಡಿದಾಗ ಏಳುವ ಸದ್ದಿನಲ್ಲಿಯೂ ಅಧಿಕ ಕಂಪನಾಂಕದ ಅಂಶಗಳಿರುವುದರಿಂದ, ಒಣಹುಲ್ಲಿನ ನಡುವೆ ಇಲಿ ಓಡಾಡಿದಾಗ ತೋರುವಂಥದೇ ಎಚ್ಚರವನ್ನು ಬೆಕ್ಕು ತೋರುತ್ತದೆ. ಹಾಲು, ಮೊಸರು, ಮೀನು ಮತ್ತು ಮಾಂಸದ ವಾಸನೆ ಹಿಡಿದ ಚೀಲಗಳು ಅದನ್ನು ಇನ್ನಷ್ಟು ಸೆಳೆಯುತ್ತವೆ.

ಅಗಿಯುವ ಚಟಕ್ಕೆ ಬೇರೆ ಕಾರಣಗಳೂ ಉಂಟು. ಬೆಕ್ಕಿನ ಮರಿಗಳಿಗೆ 26 ಹಾಲುಹಲ್ಲುಗಳಿರುತ್ತವೆ. ಸುಮಾರು ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಇವು ಬಿದ್ದು 30 ಶಾಶ್ವತ ಹಲ್ಲುಗಳು ಮೂಡುತ್ತವೆ. ಈ ಅವಧಿಯಲ್ಲಿ ಒಸಡಿನ ನವೆಯಿಂದ ಮರಿಗಳು ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ. ಆಹಾರವಲ್ಲದ ವಸ್ತುಗಳನ್ನು ತಿನ್ನುವ ಅಭ್ಯಾಸ ಬೆಳೆದ ಬೆಕ್ಕಿನಲ್ಲಿಯೂ ಮುಂದುವರಿದರೆ ಅದನ್ನು ಪಶುವೈದ್ಯಶಾಸ್ತ್ರದಲ್ಲಿ 'ಪೈಕಾ' ಎಂದು ಕರೆಯುತ್ತಾರೆ. ಈ ಕುರಿತು ಜಾನ್ ಬ್ರಾಡ್‌ಶಾ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಣ್ಣೆಯೇ ಬೆಕ್ಕುಗಳು ಅತಿ ಹೆಚ್ಚಾಗಿ ಅಗಿದ ವಸ್ತುವಾಗಿತ್ತು. ಸಯಾಮಿ ಮೊದಲಾದ ಪೌರ್ವಾತ್ಯ ತಳಿಗಳಲ್ಲಿ ಈ ಪ್ರವೃತ್ತಿ ಹೆಚ್ಚು. ತಾಯಿಯಿಂದ ಬೇಗನೆ ಅಗಲಿಸುವುದು, ಆಟವಿಲ್ಲದ ಬೇಸರ, ರಕ್ತಹೀನತೆ, ಹಲ್ಲು ಅಥವಾ ಕರುಳಿನ ರೋಗ ಇವೂ ಕಾರಣವಾಗಬಹುದು. ಆದುದರಿಂದ ಬೆಳೆದ ಬೆಕ್ಕು ಹೊಸದಾಗಿ ಈ ಅಭ್ಯಾಸ ಹಿಡಿದರೆ ಆಟಿಕೆ ಹುಡುಕುವ ಮೊದಲು ವೈದ್ಯರಿಗೆ ತೋರಿಸುವುದು ಸೂಕ್ತ.

ಅಪಾಯಗಳು

ಬೆಕ್ಕಿನ ನಾಲಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಮುಳ್ಳಿನಂಥ ಸಣ್ಣ ಕೊಕ್ಕೆಗಳಿವೆ. ಬಾಯಿಗೆ ಸಿಕ್ಕ ದಾರವನ್ನು ಅಥವಾ ಪ್ಲಾಸ್ಟಿಕ್ ಎಳೆಯನ್ನು ಉಗುಳುವುದು ಅದಕ್ಕೆ ಕಷ್ಟ. ಬದಲಾಗಿ ಅದು ಒಳಗೇ ಸರಿಯುತ್ತದೆ. ದಾರದ ಒಂದು ತುದಿ ನಾಲಗೆಯ ಬುಡದಲ್ಲಿಯೋ ಜಠರದ ಬಾಯಲ್ಲಿಯೋ ಸಿಕ್ಕಿಕೊಂಡು ಉಳಿದ ಭಾಗ ಕರುಳಿಗೆ ಇಳಿದರೆ, ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುವಂತೆ ಕರುಳು ನೆರಿಗೆಗಟ್ಟುತ್ತದೆ. ಬಿಗಿದ ದಾರ ಕರುಳಿನ ಗೋಡೆಯನ್ನು ಕೊಯ್ಯಲೂಬಹುದು. ಪ್ಲಾಸ್ಟಿಕ್ ಹಾಳೆಯ ತುಣುಕುಗಳು ಮುದ್ದೆಗಟ್ಟಿ ಆಹಾರದ ಹಾದಿಯನ್ನು ಮುಚ್ಚುತ್ತವೆ. ಹಿಡಿಕೆಯಿರುವ ಚೀಲದಲ್ಲಿ ತಲೆ ಸಿಕ್ಕಿಕೊಂಡು ಉಸಿರುಗಟ್ಟುವ ಭಯವೂ ಇದೆ.

ಮನೆಯೊಳಗಿನ ಅಪಾಯಕಾರಿ ವಸ್ತುಗಳು

ಸದ್ದಿನಿಂದ ಬೆಕ್ಕನ್ನು ಸೆಳೆಯುವ, ಆದರೆ ಅದಕ್ಕೆ ಎಟುಕದಂತೆ ಇಡಬೇಕಾದ ಕೆಲವು ವಸ್ತುಗಳು:

• ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿಯ ಸಿಪ್ಪೆ: ಗಾಳಿಗೆ ಹಾರಾಡುವ ಈ ಸಿಪ್ಪೆಯನ್ನು ಬೆಕ್ಕುಗಳು ಬೆನ್ನಟ್ಟುತ್ತವೆ. ಈ ಎರಡು ಸಸ್ಯಗಳಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡಿ ರಕ್ತಹೀನತೆ ಉಂಟುಮಾಡುತ್ತವೆ.
• ಮಾತ್ರೆಗಳ ಹಾಳೆ: ಇದರ ಚರಚರ ಸದ್ದು ಬೆಕ್ಕಿಗೆ ಪ್ರಿಯ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರ ಕಡಿಮೆ.
• ಹೂಮಾಲೆಯ ದಾರ, ಹೊಲಿಗೆಯ ದಾರ, ದೀಪದ ಬತ್ತಿ: ಎಣ್ಣೆ ಅಥವಾ ತುಪ್ಪದ ವಾಸನೆಯಿಂದಾಗಿ ಬತ್ತಿಯನ್ನು ಬೆಕ್ಕು ನುಂಗುವ ಸಂಭವ ಹೆಚ್ಚು. ಸೂಜಿಯೊಡನಿರುವ ದಾರ ಇನ್ನೂ ಅಪಾಯಕರ.
• ಹಬ್ಬ ಮತ್ತು ಮದುವೆಯ ಅಲಂಕಾರದ ಜರಿ, ಮಿನುಗು ಕಾಗದ: ಉದ್ದನೆಯ ಎಳೆಗಳು ದಾರದಂತೆಯೇ ಕರುಳಿಗೆ ಹಾನಿ ಮಾಡುತ್ತವೆ.
• ಕೀಟನಾಶಕ ಮತ್ತು ಗೊಬ್ಬರದ ಖಾಲಿ ಚೀಲಗಳು: ದೇವದುರ್ಗ ಮತ್ತು ಮಾನ್ವಿಯಂಥ ಭತ್ತ, ಹತ್ತಿ ಬೆಳೆಯುವ ತಾಲ್ಲೂಕುಗಳಲ್ಲಿ ಇವು ರೈತರ ಮನೆಗಳಲ್ಲಿ ಸಾಮಾನ್ಯ. ಇವನ್ನು ಅಗಿಯಬೇಕೆಂದೇನೂ ಇಲ್ಲ. ಮೈಗೆ ಅಂಟಿದ ಪುಡಿಯನ್ನು ಬೆಕ್ಕು ನೆಕ್ಕಿಕೊಂಡರೂ ವಿಷ ದೇಹ ಸೇರುತ್ತದೆ.

ಸುರಕ್ಷಿತ ಆಟಿಕೆಯ ಲಕ್ಷಣಗಳು

ಆಟಿಕೆ ಬೆಕ್ಕಿನ ಬಾಯೊಳಗೆ ಇಡಿಯಾಗಿ ಹಿಡಿಸದಷ್ಟು ದೊಡ್ಡದಾಗಿರಬೇಕು. ಅಂಟಿಸಿದ ಕಣ್ಣು, ಗುಂಡಿ, ಗೆಜ್ಜೆ, ರಿಬ್ಬನ್ನು, ಉದುರುವ ಗರಿ ಇರಬಾರದು. ಹಲ್ಲಿಗೆ ಸಿಕ್ಕ ಕೂಡಲೇ ಚೂರಾಗದ ಗಟ್ಟಿಯಾದ ನೇಯ್ಗೆಯ ಬಟ್ಟೆ ಉತ್ತಮ. ಅಂಗಡಿಗಳಲ್ಲಿ ದೊರೆಯುವ ಸದ್ದಿನ ಆಟಿಕೆಗಳಲ್ಲಿ ಸಾಮಾನ್ಯವಾಗಿ ಬಟ್ಟೆಯ ಎರಡು ಪದರಗಳ ನಡುವೆ ಪಾಲಿಯೆಸ್ಟರ್ ಹಾಳೆಯನ್ನು ಇಟ್ಟು ಹೊಲಿದಿರುತ್ತಾರೆ. ಹೊಲಿಗೆ ಬಿಗಿಯಾಗಿರುವವರೆಗೆ ಇದು ಒಪ್ಪತಕ್ಕದ್ದು. ಬಟ್ಟೆ ಹರಿದು ಒಳಗಿನ ಹಾಳೆ ಕಂಡ ದಿನವೇ ಆಟಿಕೆಯನ್ನು ಎಸೆಯಬೇಕು. ಕೋಲಿಗೆ ಕಟ್ಟಿದ ದಾರದ ಆಟಿಕೆಗಳನ್ನು ಮನುಷ್ಯರು ಎದುರಿಗಿದ್ದಾಗ ಮಾತ್ರ ಬಳಸಿ, ಆಟ ಮುಗಿದೊಡನೆ ಎತ್ತಿಡುವುದು ಕ್ರಮ.

ಸ್ಥಳೀಯವಾಗಿ ದೊರೆಯುವ ಸಾಮಗ್ರಿಗಳು

ದುಬಾರಿ ಆಟಿಕೆಗಳಿಲ್ಲದೆಯೂ ಈ ಅಗತ್ಯವನ್ನು ಪೂರೈಸಬಹುದು. ಮುದ್ರಣವಿಲ್ಲದ ಕಂದು ಕಾಗದವನ್ನು ನಿಂಬೆಗಿಂತ ದೊಡ್ಡ ಉಂಡೆಯಾಗಿ ಮುದುಡಿ ಕೊಟ್ಟರೆ ಸದ್ದೂ ಬರುತ್ತದೆ, ಉರುಳಲೂ ಉರುಳುತ್ತದೆ. ಕಿರಾಣಿ ಅಂಗಡಿಯ ಕಾಗದದ ಚೀಲ ಒಳ್ಳೆಯ ಅಡಗುದಾಣ. ಹಿಡಿಕೆಯಿದ್ದರೆ ಕತ್ತರಿಸಬೇಕು, ಪಿನ್ನುಗಳನ್ನು ತೆಗೆಯಬೇಕು. ಮೆಕ್ಕೆಜೋಳದ ತೆನೆಯ ಒಣಗಿದ ಹೊರಸಿಪ್ಪೆಯನ್ನು ಹಳೆಯ ಹತ್ತಿ ಬಟ್ಟೆಯೊಳಗೆ ಇಟ್ಟು ಸುತ್ತಲೂ ಹೊಲಿದರೆ ಪ್ಲಾಸ್ಟಿಕ್ಕಿಲ್ಲದೆ ಸರಸರ ಸದ್ದು ದೊರೆಯುತ್ತದೆ. ಕಾಳು ಬಿಡಿಸಿದ ದಿಂಡನ್ನು ಮಾತ್ರ ಕೊಡಬಾರದು. ಅದರ ತುಂಡುಗಳು ಕರುಳಿನಲ್ಲಿ ಸಿಲುಕುತ್ತವೆ.

ಮರದ ಗೊಂಬೆಗಳಲ್ಲಿಯೂ ವ್ಯತ್ಯಾಸವಿದೆ. ಚನ್ನಪಟ್ಟಣದ ಸಾಂಪ್ರದಾಯಿಕ ಆಟಿಕೆಗಳಿಗೆ ಅರಗು ಮತ್ತು ಸಸ್ಯಮೂಲದ ಬಣ್ಣಗಳನ್ನು ಬಳಸುತ್ತಾರೆ. ಇವುಗಳ ನಯವಾದ ದೊಡ್ಡ ಚೆಂಡುಗಳನ್ನು ಬೆಕ್ಕು ಉರುಳಿಸಿ ಆಡಬಹುದು. 1997ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದು ಈಗ ಕೊಪ್ಪಳ ಜಿಲ್ಲೆಯಲ್ಲಿರುವ ಕಿನ್ನಾಳದ ಗೊಂಬೆಗಳು ಬಣ್ಣ ಲೇಪಿಸಿದ ಅಲಂಕಾರದ ಕಲಾಕೃತಿಗಳಾದುದರಿಂದ ಕಚ್ಚಾಟಕ್ಕೆ ತಕ್ಕವಲ್ಲ.

ಹುಲ್ಲು ಮತ್ತು ಸಸ್ಯಗಳು

ಅಗಿಯುವ ಆಸೆಗೆ ಎಳೆಯ ಹುಲ್ಲು ಸಹಜವಾದ ಪರ್ಯಾಯ. ಗೋಧಿ ಅಥವಾ ಜವೆಗೋಧಿಯನ್ನು ರಾತ್ರಿ ನೆನೆಸಿ, ಕುಂಡದ ಮಣ್ಣಿನಲ್ಲಿ ಬಿತ್ತಿದರೆ ಒಂದು ವಾರದಿಂದ ಹತ್ತು ದಿನಗಳಲ್ಲಿ ಬೆಕ್ಕಿಗೆ ಕೊಡಬಹುದಾದ ಹುಲ್ಲು ಸಿದ್ಧವಾಗುತ್ತದೆ. ಕೀಟನಾಶಕ ಲೇಪಿಸಿದ ಬಿತ್ತನೆ ಬೀಜಕ್ಕೆ ಬದಲಾಗಿ ಅಡುಗೆಗೆ ತಂದ ಧಾನ್ಯವನ್ನೇ ಬಳಸಬೇಕು. ರಾಯಚೂರು ಭಾಗದ ಮುಖ್ಯ ಆಹಾರಧಾನ್ಯವಾದ ಜೋಳವನ್ನು ಇದಕ್ಕೆ ಬಳಸಬಾರದು. ಜೋಳದ ಎಳೆಯ ಪೈರಿನಲ್ಲಿ ಧುರಿನ್ ಎಂಬ ಪದಾರ್ಥವಿದ್ದು, ಅದು ಒಡೆದಾಗ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಎಳೆಯ ಪೈರು ಮೇಯ್ದ ದನಗಳು ಸಾಯುವುದಕ್ಕೂ ಇದೇ ಕಾರಣ.

ಪಾಶ್ಚಾತ್ಯ ದೇಶಗಳಲ್ಲಿ 'ಕ್ಯಾಟ್‌ನಿಪ್' ಎಂಬ ಗಿಡದ ಒಣ ಎಲೆಯನ್ನು ಆಟಿಕೆಗಳಲ್ಲಿ ತುಂಬುತ್ತಾರೆ. ಅದರಲ್ಲಿರುವ ನೆಪೆಟಲ್ಯಾಕ್ಟೋನ್ ಬಹುಪಾಲು ಬೆಳೆದ ಬೆಕ್ಕುಗಳಲ್ಲಿ ಸ್ವಲ್ಪ ಹೊತ್ತಿನ ಉಲ್ಲಾಸವನ್ನು ಉಂಟುಮಾಡುತ್ತದೆ. ಈ ಪ್ರತಿಕ್ರಿಯೆ ವಂಶಾನುಗತವಾದುದರಿಂದ ಎಲ್ಲ ಬೆಕ್ಕುಗಳಲ್ಲಿ ಕಾಣುವುದಿಲ್ಲ. ನಮ್ಮಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡದ ಬೇರಿಗೂ ಬೆಕ್ಕುಗಳು ಮರುಳಾಗುತ್ತವೆ. ಆದರೆ ಕುಪ್ಪಿಗಿಡದಲ್ಲಿಯೂ ಸಯನೈಡ್ ಮೂಲದ ಪದಾರ್ಥ ಇರುವುದರಿಂದ ಅದನ್ನು ಅಗಿಯಲು ಕೊಡುವುದು ಹಿತವಲ್ಲ.

ಕಾನೂನು ಮತ್ತು ಗುಣಮಟ್ಟ

ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020ರ ಅನ್ವಯ 2021ರ ಜನವರಿ 1ರಿಂದ ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಗಿದೆ. ಸಾಕುಪ್ರಾಣಿಗಳ ಆಟಿಕೆಗಳು ಈ ಆದೇಶದ ವ್ಯಾಪ್ತಿಗೆ ಬರುವುದಿಲ್ಲ. ಹೀಗಾಗಿ ಹೊದಿಕೆಯ ಮೇಲೆ ಬೆಕ್ಕಿನ ಚಿತ್ರ ಇದ್ದ ಮಾತ್ರಕ್ಕೆ ವಸ್ತು ಸುರಕ್ಷಿತವೆಂದು ಹೇಳಲಾಗದು. ಪರೀಕ್ಷಿಸುವ ಹೊಣೆ ಸಾಕುವವರದೇ ಆಗಿರುತ್ತದೆ. ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶಾದ್ಯಂತ ನಿಷೇಧವಿದೆ. ಹಾಲಿನ ಪೊಟ್ಟಣ, ತಿಂಡಿಯ ಹೊದಿಕೆಗಳು ಬಳಕೆಯಲ್ಲಿ ಉಳಿದಿರುವುದರಿಂದ ಮುಚ್ಚಳವಿರುವ ಕಸದ ಬುಟ್ಟಿಯ ಅಗತ್ಯ ಇದ್ದೇ ಇದೆ.

ರೋಗಲಕ್ಷಣಗಳು ಮತ್ತು ಚಿಕಿತ್ಸೆ

ಪದೇಪದೇ ವಾಂತಿ, ಆಹಾರ ಬಿಡುವುದು, ಮಂಕುತನ, ಮಲವಿಸರ್ಜನೆ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ನೋವು ಇವು ಕರುಳು ಕಟ್ಟಿದ ಲಕ್ಷಣಗಳು. ಬಾಯಿಂದಲೋ ಗುದದಿಂದಲೋ ದಾರ ಹೊರಗೆ ಕಂಡರೆ ಅದನ್ನು ಎಳೆಯಬಾರದು. ಎಳೆದರೆ ಕರುಳು ಹರಿಯುವ ಅಪಾಯವಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಣ್ಣೆ ಕುಡಿಸುವುದು ಮೊದಲಾದ ಮನೆಮದ್ದುಗಳೂ ಸಲ್ಲವು. ಎರಡು ಮೂರು ದಿನ ಆಹಾರವಿಲ್ಲದಿದ್ದರೆ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ ಬೇರೊಂದು ಮಾರಕ ರೋಗ ಆರಂಭವಾಗಬಹುದು. ಆದುದರಿಂದ 'ತಾನೇ ಸರಿಹೋಗುತ್ತದೆ' ಎಂದು ಕಾಯುವುದು ತರವಲ್ಲ.

ಸಾಮಾನ್ಯ ಎಕ್ಸ್‌ರೇಯಲ್ಲಿ ಪ್ಲಾಸ್ಟಿಕ್ ಮತ್ತು ದಾರ ನೇರವಾಗಿ ಕಾಣುವುದಿಲ್ಲ. ಕರುಳಿನ ಆಕಾರದ ವ್ಯತ್ಯಾಸದಿಂದ ಅಥವಾ ಅಲ್ಟ್ರಾಸೌಂಡ್‌ನಿಂದ ವೈದ್ಯರು ಊಹಿಸಬೇಕಾಗುತ್ತದೆ. ಬೆಕ್ಕು ಏನನ್ನು, ಯಾವಾಗ ಅಗಿದಿತ್ತೆಂದು ತಿಳಿಸಿ, ಉಳಿದ ತುಣುಕನ್ನು ಜೊತೆಗೆ ಒಯ್ದರೆ ಅವರಿಗೆ ನೆರವಾಗುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಪಶುವೈದ್ಯ ಸಹಾಯವಾಣಿಯ ಸಂಖ್ಯೆ 1962. ಕಲ್ಯಾಣ ಕರ್ನಾಟಕದ ಪಶುವೈದ್ಯಕೀಯ ಮಹಾವಿದ್ಯಾಲಯ ಬೀದರಿನಲ್ಲಿದ್ದು, ರಾಯಚೂರಿನಿಂದ 200 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ಶಸ್ತ್ರಚಿಕಿತ್ಸೆ ಬೇಕಾದಾಗ ಪ್ರಯಾಣದಲ್ಲಿಯೇ ಬಹಳ ಸಮಯ ಕಳೆಯಬಹುದಾದ ಊರುಗಳಲ್ಲಿ ಮುನ್ನೆಚ್ಚರಿಕೆಯ ಬೆಲೆ ಇನ್ನೂ ಹೆಚ್ಚು.

ಇವನ್ನೂ ನೋಡಿ

• ಬೆಕ್ಕು
• ಚನ್ನಪಟ್ಟಣದ ಗೊಂಬೆಗಳು
• ಕಿನ್ನಾಳ ಕಲೆ
• ಕುಪ್ಪಿಗಿಡ
• ರಾಯಚೂರು ಜಿಲ್ಲೆ